ಮಾತಂಗಿಯ ಮಗನ ಮಾತು

ಪಾಪಿನಾಯಕನಹಳ್ಳಿಯಲ್ಲಿ ನನ್ನನ್ನು ಈಗಲೂ ಕೆಲವು ಹಿರಿಯರು ‘ಮಾತಂಗಿ ಮಗ’ ಅಂತಲೇ ಕರೆಯುತ್ತಾರೆ. ನಮ್ಮಪ್ಪ ಬಯಲಾಟದಲ್ಲಿ ಮಾತಂಗಿ ಪಾತ್ರ ಹಾಕುತ್ತಿದ್ದ. ಗಂಡುಗಲಿ ಕುಮಾರರಾಮನ ತಲೆ ಕಡಿಯುವವಳು ಆ ಮಾತಂಗಿಯೇ. ವರ್ಷವಿಡೀ ಹೊಲ, ದನ, ಮನೆ ಅಂತ ತಲೆ ತಗ್ಗಿಸಿ ದುಡಿಯುತ್ತಿದ್ದ ಮನುಷ್ಯ, ಆ ಒಂದು ಬೆಳಗಿನ ಜಾವ ಮುಖಕ್ಕೆ ಅರದಾಳ ಬಳಿದು, ಹಣೆಗೆ ಇಂಗಳೀಕ ಹಚ್ಚಿ, ಕತ್ತಿ ಹಿಡಿದು ಅಟ್ಟದ ಮೇಲೆ ಬಂದರೆ ಸಾಕು, ಮುಂದಿನ ಸಾಲಿನ ಹೆಂಗಸರು ಹಿಡಿ ಮಣ್ಣು ತೂರಿ ‘ನಿನ್ನ ಕೈ ಸೇದಿಹೋಗ’ ಅಂತ ಬೈಯುತ್ತಿದ್ದರು. ಅಪ್ಪನಿಗೆ ಅದೇ ದೊಡ್ಡ ಆಹೇರಿ.

ಮೊನ್ನೆ ಮೊಮ್ಮಗ ಟಿವಿಯಲ್ಲಿ ‘ಅವೆಂಜರ್ಸ್: ಎಂಡ್‌ಗೇಮ್’ ನೋಡಿ, ಐರನ್‌ಮ್ಯಾನ್ ಸತ್ತನೆಂದು ತಟ್ಟೆ ಮುಂದಿಟ್ಟುಕೊಂಡು ಸುಮ್ಮನೆ ಕುಳಿತಿದ್ದ. ‘ತಾತಾ, ಹೀರೋನ ಸಾಯಿಸಿದ್ದು ತಪ್ಪು’ ಅಂದ. ಅದೇ ಮಾತನ್ನು ನಾನು ಐವತ್ತು ವರ್ಷದ ಕೆಳಗೆ, ಸಂಡೂರಿನ ಗುಡ್ಡಸಾಲಿಗೆ ಮುಖ ಮಾಡಿದ ನಮ್ಮೂರ ಬಯಲಿನಲ್ಲಿ, ಗ್ಯಾಸ್‌ಲೈಟಿನ ಬೆಳಕಿನಲ್ಲಿ ಕೇಳಿದ್ದೆ. ಮೊಮ್ಮಗನಿಗೆ ಮೊನ್ನೆ ಉತ್ತರ ಕೊಡಲಿಲ್ಲ. ಈಗ ಬರೆಯುತ್ತಿದ್ದೇನೆ.

ಕುಮಾರರಾಮನ ಆಟದ ಕೊನೆಯ ಬಗ್ಗೆ ನಮ್ಮೂರಲ್ಲಿ ಯಾವಾಗಲೂ ಎರಡು ಪಕ್ಷ. ದಿಲ್ಲಿ ಸುರಿತಾಳನ, ಅಂದರೆ ಸುಲ್ತಾನನ, ದಂಡು ಸೋತು ಓಡಿದ ಕಡೆಗೇ ಮಂಗಳ ಹಾಡಿಬಿಡಬೇಕು ಎನ್ನುವವರದು ಒಂದು ಪಕ್ಷ. ‘ರಾತ್ರಿಯೆಲ್ಲ ನಿದ್ದೆಗೆಟ್ಟು ಕುಂತು, ಹೊತ್ತು ಮೂಡೋ ಹೊತ್ತಿಗೆ ರುಂಡ ನೋಡಿಕೊಂಡು ಮನೀಗೆ ಹೋಗಬೇಕೇನ್ರಿ ಮಾಸ್ತರ?’ ಅಂತ ಅವರು ತಾಲೀಮಿನ ಮನೆಗೇ ಬಂದು ಕೇಳುತ್ತಿದ್ದರು. ತಲೆ ಬೀಳದೆ ಆಟ ಮುಗಿಯಬಾರದು ಎನ್ನುವವರದು ಇನ್ನೊಂದು. ನಾನು ಈ ಎರಡನೆಯ ಪಕ್ಷದವನು. ಅಪ್ಪ ತೀರಿಕೊಂಡು ಬಹಳ ವರ್ಷವಾಯಿತು. ಅವನ ಪಾತ್ರ ಉಳಿಯಲಿ ಎಂದು ಈ ಮಾತು ಹೇಳುತ್ತಿಲ್ಲ.

ಕಥೆ ನಮ್ಮ ಸೀಮೆಯದೇ. ಕಂಪ್ಲಿ, ಕುಮ್ಮಟ, ಹೊಸಮಲೆದುರ್ಗಗಳನ್ನು ಆಳಿದ ಕಂಪಿಲರಾಯ. ಅವನ ರಾಣಿ ಹರಿಹರದೇವಿ. ಅವರ ಮಗ ರಾಮ. ಚೆಂಡಾಟ ಆಡುವಾಗ ರಾಮನ ಚೆಂಡು ಕಿರಿಯ ರಾಣಿ ರತ್ನಾಜಿಯ ಅರಮನೆಗೆ ಬೀಳುತ್ತದೆ. ತರಲು ಹೋದವನ ಕೈಯನ್ನು ಅವಳು ಹಿಡಿಯುತ್ತಾಳೆ. ‘ನೀನು ನನಗೆ ತಾಯಿ’ ಎಂದು ಅವನು ಕೈ ಬಿಡಿಸಿಕೊಂಡು ಬರುತ್ತಾನೆ. ಅವಳು ಗಂಡನ ಮುಂದೆ ಕಥೆಯನ್ನು ತಿರುಗಿಸಿ ಹೇಳುತ್ತಾಳೆ. ಕಂಪಿಲ ಮಗನ ತಲೆ ತರಲು ಹೇಳುತ್ತಾನೆ. ಮಂತ್ರಿ ಬೈಚಪ್ಪ ರಾಮನನ್ನು ನೆಲಮನೆಯಲ್ಲಿ ಅಡಗಿಸಿಟ್ಟು ಬೇರೆ ಯಾರದೋ ತಲೆ ತೋರಿಸುತ್ತಾನೆ. ರಾಮನಿಲ್ಲ ಎಂಬ ಸುದ್ದಿ ಕೇಳಿ ದಿಲ್ಲಿಯ ದಂಡು ಬರುತ್ತದೆ. ರಾಜ್ಯ ಮುಳುಗುವ ಹೊತ್ತಿಗೆ ಬೈಚಪ್ಪ ನೆಲಮನೆಯ ಬಾಗಿಲು ತೆಗೆಯುತ್ತಾನೆ. ಸತ್ತವನೆಂದು ಅತ್ತ ಜನರ ಮುಂದೆ ರಾಮ ಎದ್ದು ಬರುತ್ತಾನೆ, ಗೆಲ್ಲುತ್ತಾನೆ. ಇಲ್ಲಿ ಮದ್ದಳೆ ಏರುತ್ತದೆ, ಸಿಳ್ಳೆ ಬೀಳುತ್ತವೆ. ಮೊದಲ ಪಕ್ಷದವರು ‘ಇಲ್ಲಿಗೆ ಸಾಕು’ ಎನ್ನುವುದು ಇದೇ ಜಾಗದಲ್ಲಿ.

ಆದರೆ ಸುರಿತಾಳ ಮತ್ತೆ ದಂಡು ಕಳಿಸುತ್ತಾನೆ. ಈ ಸಲ ಮುಂದೆ ನಿಂತವಳು ಮಾತಂಗಿ, ಹೆಣ್ಣು. ರಾಮ ಹೆಣ್ಣಿನ ಮೇಲೆ ಕೈ ಎತ್ತುವುದಿಲ್ಲ. ತಲೆ ಬೀಳುತ್ತದೆ, ದಿಲ್ಲಿಗೆ ಹೋಗುತ್ತದೆ.

ಇತಿಹಾಸವೂ ಹೆಚ್ಚುಕಡಿಮೆ ಇದೇ ದಾರಿಯಲ್ಲಿ ನಡೆದಿದೆ. ಹಂಪಿಯ ಹೇಮಕೂಟಕ್ಕೆ ಹೋದವರು ಅಲ್ಲಿಯ ಮೂರು ಗರ್ಭಗುಡಿಯ ಕಲ್ಲುಗುಡಿಯನ್ನು ನೋಡಿರುತ್ತೀರಿ. ಮುಮ್ಮಡಿ ಸಿಂಗೆಯ ನಾಯಕನ ಮಗ ವೀರ ಕಂಪಿಲದೇವ ತನ್ನವರ ನೆನಪಿಗೆ ಮೂರು ಲಿಂಗ ನಿಲ್ಲಿಸಿದನೆಂದು ಅಲ್ಲಿಯ ಶಾಸನ ಹೇಳುತ್ತದೆ. ನಮ್ಮ ಆಟದ ಕಂಪಿಲರಾಯ ಅವನೇ. 1326ರಲ್ಲಿ ಮಹಮ್ಮದ್ ಬಿನ್ ತುಘಲಕನ ಮೇಲೆ ದಂಗೆ ಎದ್ದು ಸೋತ ಬಹಾವುದ್ದೀನ್ ಗುರ್ಶಾಸ್ಪ್ ಇವನ ಮರೆ ಹೊಕ್ಕ. ಬಂದವನ ಮತ ಬೇರೆ, ಬೆನ್ನ ಹಿಂದೆ ದಿಲ್ಲಿಯ ಸೇನೆ ಬೇರೆ. ಆದರೂ ಕಂಪಿಲ ಅವನನ್ನು ಒಪ್ಪಿಸಿಕೊಡಲಿಲ್ಲ. ಸುಲ್ತಾನನ ಮೊದಲ ಎರಡು ದಂಡಯಾತ್ರೆಗಳು ಕುಮ್ಮಟದಲ್ಲಿ ಮುರಿದವು. ಮೂರನೆಯದು ಗೆದ್ದಿತು. 1327ರಲ್ಲಿ ಹೊಸಮಲೆದುರ್ಗ ಬಿತ್ತು. ಸಂಡೂರಿನ ರಾಮಗಡವೇ ಆ ದುರ್ಗ ಎಂದು ಹಲವು ಇತಿಹಾಸಕಾರರು ಗುರುತಿಸುತ್ತಾರೆ. ನಮ್ಮೂರಿಂದ ದಕ್ಷಿಣಕ್ಕೆ ನೋಡಿದರೆ ಕಾಣುವ ಗುಡ್ಡಸಾಲಿನಲ್ಲೇ ಅದು ಇದೆ.

1334ರಲ್ಲಿ ದಿಲ್ಲಿ ತಲುಪಿದ ಮೊರಾಕ್ಕೋದ ಇಬ್ನ್ ಬತೂತ ಆ ಕೊನೆಯ ದಿನದ ಸಂಗತಿ ಕೇಳಿ ಬರೆದಿಟ್ಟ. ಉಳಿಗಾಲವಿಲ್ಲವೆಂದು ಕಂಡ ರಾಜ ಮೊದಲು ಮರೆಹೊಕ್ಕವನನ್ನು ಇನ್ನೊಬ್ಬ ರಾಜನ ಹತ್ತಿರ ಕಳಿಸಿಕೊಟ್ಟ. ಆಮೇಲೆ ಬೆಂಕಿ ಹಾಕಿಸಿದ. ಹೆಂಗಸರು ಮಿಂದು, ಗಂಧ ಹಚ್ಚಿಕೊಂಡು, ಅವನ ಮುಂದೆ ನೆಲಕ್ಕೆ ಮುತ್ತಿಟ್ಟು ಕಿಚ್ಚಿಗೆ ಹಾರಿದರು. ಕೊನೆಗೆ ಅವನೂ ಅವನವರೂ ಕವಚ ತೊಡದೆ ಹೊರಗೆ ಬಂದು ಹೋರಾಡಿ ಸತ್ತರು. ಕಂಪಿಲನ ಸೆರೆಸಿಕ್ಕ ಹನ್ನೊಂದು ಮಕ್ಕಳಲ್ಲಿ ಮೂವರನ್ನು ದಿಲ್ಲಿಯಲ್ಲಿ ಕಣ್ಣಾರೆ ಕಂಡೆ ಎಂದೂ ಅವನು ಬರೆಯುತ್ತಾನೆ. ಇನ್ನು ಆ ಅತಿಥಿಯ ಗತಿ? ದೋರಸಮುದ್ರದ ಹೊಯ್ಸಳ ಬಲ್ಲಾಳ ಅವನನ್ನು ಹಿಡಿದು ಸುಲ್ತಾನನಿಗೆ ಒಪ್ಪಿಸಿದ.

ಹಾಗಾಗಿ ಗೆಲುವಿನ ಜಾಗದಲ್ಲಿ ಆಟ ನಿಲ್ಲಿಸಿ ಎಂದರೆ, ಎರಡನೆಯ ದಂಡಯಾತ್ರೆಗೇ ಕಾಲವನ್ನು ನಿಲ್ಲಿಸಿ ಎಂದಂತೆ. ಆಟ ಇತಿಹಾಸವಲ್ಲ ಎಂದು ನೀವು ಹೇಳಬಹುದು, ಒಪ್ಪುತ್ತೇನೆ. ನನ್ನ ವಾದ ನಿಂತಿರುವುದು ಆಟದ ಒಳಗೇ.

ಬೈಚಪ್ಪ ತೋರಿಸಿದ ಆ ಮೊದಲ ತಲೆಯನ್ನು ನೆನೆಯಿರಿ. ಅದು ಯಾರದು? ಆಟದಲ್ಲಿ ಅವನಿಗೆ ಹೆಸರಿಲ್ಲ, ಪದವಿಲ್ಲ, ತಾಯಿಯಿಲ್ಲ. ಕೆಂಪು ಬಟ್ಟೆ ಮುಚ್ಚಿದ ಹರಿವಾಣವೊಂದು ರಂಗಕ್ಕೆ ಬರುತ್ತದೆ, ಹೋಗುತ್ತದೆ. ನಮ್ಮ ರಾಮ ಉಳಿದನಲ್ಲ ಎಂದು ನಾವೆಲ್ಲ ಸಮಾಧಾನದ ಉಸಿರು ಬಿಡುತ್ತೇವೆ. ಆ ಉಸಿರಿನಲ್ಲಿ ಒಂದು ಸಾಲ ಇದೆ. ಇನ್ನೊಬ್ಬನ ತಲೆಯಿಂದ ಉಳಿದ ತಲೆ ಅದು. ರಾಮ ಗೆದ್ದು ಸಿಂಹಾಸನದಲ್ಲಿ ಕುಳಿತುಬಿಟ್ಟರೆ ಆ ಹೆಸರಿಲ್ಲದವನ ಸಾವು ಸುಮ್ಮನೆ ಹೋಯಿತು. ಕೊನೆಗೆ ರಾಮನ ತಲೆಯೂ ಹರಿವಾಣಕ್ಕೆ ಬಂದಾಗ ಮಾತ್ರ ಆ ಲೆಕ್ಕ ತೀರುತ್ತದೆ.

ಎರಡನೆಯದು, ರಾಮನನ್ನು ಕೊಂದದ್ದು ಮಾತಂಗಿಯ ಕತ್ತಿಯಲ್ಲ, ಅವನ ಶೀಲ. ರತ್ನಾಜಿಯ ಕೈಯಿಂದ ಬಿಡಿಸಿಕೊಂಡ ದಿನ ಹಿಡಿದ ವ್ರತವನ್ನೇ ಅವನು ಮಾತಂಗಿಯ ಮುಂದೆಯೂ ಹಿಡಿದು ನಿಂತ. 16ನೇ ಶತಮಾನದ ನಂಜುಂಡ ಕವಿ ಸಾಂಗತ್ಯದಲ್ಲಿ ಅವನನ್ನು ಪರದಾರ ಸೋದರ ಎಂದ. ಅವನೂ ರಾಮನನ್ನು ಉಳಿಸಲಿಲ್ಲ. ಕಷ್ಟ ಬಾರದ ತನಕ ವ್ರತ ಎಲ್ಲರದೂ ಗಟ್ಟಿಯೇ. ಪ್ರಾಣಕ್ಕೆ ಬಂದಾಗಲೂ ಸಡಿಲವಾಗಲಿಲ್ಲ ಎಂಬುದನ್ನು ಆ ಕೊನೆಯ ದೃಶ್ಯ ತೋರಿಸುತ್ತದೆ. ಅದನ್ನು ಕತ್ತರಿಸಿದರೆ ಕುಮಾರರಾಮ ಬರೀ ಬಲಶಾಲಿ. ಬಲಶಾಲಿಗಳಿಗೇನು, ನಮ್ಮ ಸೀಮೆಯಲ್ಲಿ ಬರ ಇರಲಿಲ್ಲ.

ಈ ಕಥೆಯನ್ನು ಹೊತ್ತು ತಂದವರು ರಾಜರ ಮನೆಯವರಲ್ಲ. ಸಂಡೂರು ತಾಲ್ಲೂಕಿನ ದರೋಜಿಯ ಬುರ್ರಕಥಾ ಈರಮ್ಮನವರನ್ನು ನೆನೆಯದೆ ಮುಂದೆ ಹೋಗಲಾರೆ. ಬುಡ್ಗಜಂಗಮ ಮನೆತನದ ಆ ತಾಯಿಗೆ ಅಕ್ಷರ ಗೊತ್ತಿರಲಿಲ್ಲ. ಅವರ ನಾಲಿಗೆಯ ಮೇಲಿದ್ದ ಹನ್ನೆರಡು ಕಾವ್ಯಗಳಲ್ಲಿ ಕುಮಾರರಾಮನದೂ ಒಂದು. ಕನ್ನಡ ವಿಶ್ವವಿದ್ಯಾಲಯ ಅವರಿಗೆ ನಾಡೋಜ ಗೌರವ ಕೊಟ್ಟಿತು. 2014ರಲ್ಲಿ ಅವರು ತೀರಿಕೊಂಡಾಗ ಒಂದು ದೊಡ್ಡ ಕಣಜ ಬರಿದಾಯಿತು ಎಂದು ನನಗೆ ಅನಿಸಿತು. ಸೋತವನ ಕಥೆಯನ್ನು ಏಳುನೂರು ವರ್ಷ ಕಾಪಾಡಿದ್ದು ಇಂಥವರ ಗಂಟಲು. ಗೆದ್ದವರ ಕಥೆಯನ್ನು ಕಲ್ಲೇ ಹೇಳುತ್ತದೆ.

ಒಂದು ವರ್ಷ ಮೊದಲ ಪಕ್ಷದವರ ಮಾತೇ ನಡೆಯಿತು. ನಾನಾಗ 9ನೇ ತರಗತಿ. ಆಟಕ್ಕೆ ದುಡ್ಡು ಹಾಕಿದ ಹಿರಿಯರು ಗೆಲುವಿಗೇ ಮುಗಿಸಬೇಕೆಂದು ಪಟ್ಟು ಹಿಡಿದರು. ಮಾಸ್ತರು ಒಪ್ಪಿದರು. ಅಪ್ಪನಿಗೆ ಯಾರೂ ಮೊದಲೇ ಹೇಳಿರಲಿಲ್ಲ. ಅವನು ಬಣ್ಣ ಹಚ್ಚಿಕೊಂಡು, ಭುಜಕೀರ್ತಿ ಕಟ್ಟಿಕೊಂಡು, ಅಟ್ಟದ ಹಿಂದೆ ಪಡದೆಯ ಮರೆಯಲ್ಲಿ ಕುಳಿತಿದ್ದ. ಕಿನ್ನಾಳದಲ್ಲಿ ಮಾಡಿಸಿ ತಂದ ಕಟ್ಟಿಗೆಯ ತಲೆ ಪಕ್ಕದ ಬುಟ್ಟಿಯಲ್ಲಿತ್ತು. ದೊಡ್ಡ ಕಣ್ಣು, ತಿರುವಿದ ಮೀಸೆ, ಕೊರಳಿನ ಕಡೆ ಕೆಂಪು ಬಣ್ಣ. ಮಂಗಳದ ಪದ ಕೇಳಿದಾಗ ಅಪ್ಪ ನನ್ನ ಮುಖ ನೋಡಿದ, ಏನೂ ಅನ್ನಲಿಲ್ಲ. ಜನ ಕಂಬಳಿ ಕೊಡವಿ ಏಳತೊಡಗಿದರು. ಸ್ಟೇಷನ್ನಿನ ಕಡೆ ಅದಿರಿನ ಗೂಡ್ಸ್ ಗಾಡಿಯೊಂದು ಸದ್ದು ಮಾಡಿಕೊಂಡು ಹೋಯಿತು.

ಆಗ ಒಬ್ಬ ಅಜ್ಜಿ ಅಟ್ಟದ ಹಿಂದಕ್ಕೇ ಬಂದಳು. ಸೊಂಟದಲ್ಲಿ ಆರು ತಿಂಗಳ ಮೊಮ್ಮಗ, ಕೈಯಲ್ಲಿ ಕಾಯಿ, ಕರ್ಪೂರ, ಹೂವಿನ ತಟ್ಟೆ. ಆಟ ಮುಗಿದ ಮೇಲೆ ರಾಮನ ತಲೆಗೆ ಪೂಜೆ ಮಾಡಿ ಕೂಸುಗಳ ಹಣೆ ಮುಟ್ಟಿಸುವುದು ನಮ್ಮಲ್ಲಿ ನಡೆದುಬಂದದ್ದು. ಕುಮ್ಮಟದುರ್ಗದ ಗುಡಿಯಲ್ಲೂ ಪೂಜೆಗೊಳ್ಳುವುದು ಅವನ ತಲೆಯೇ.

‘ತಲೆ ಎಲ್ಲೈತಪ್ಪಾ?’ ಅಂದಳು.

‘ಈ ವರ್ಷ ರಾಮ ಗೆದ್ದಾನ ನೋಡವ್ವ, ತಲೆ ಬಿದ್ದಿಲ್ಲ’ ಅಂದರು ಪಕ್ಕದಲ್ಲಿದ್ದವರು.

‘ಗೆದ್ದ ರಾಜಗ ನಾ ಯಾಕ ಕಾಯಿ ಒಡೀಲಿ? ಅವಗ ನನ್ನ ಕಾಯಿ ಏನು ಲೆಕ್ಕ? ನಮ್ಮ ಸಲುವಾಗಿ ಸತ್ತವನ್ನ ತೋರಿಸ್ರಿ, ಹರಕಿ ಐತಿ.’

ಯಾರೂ ಮಾತಾಡಲಿಲ್ಲ. ಅಪ್ಪ ಎದ್ದ. ಬುಟ್ಟಿಯಿಂದ ತಲೆ ತೆಗೆದು, ಹೆಗಲ ಮೇಲಿನ ವಸ್ತ್ರದಿಂದ ಒರೆಸಿ, ತನ್ನ ಕಂಬಳಿ ಹಾಸಿ ಅದರ ಮೇಲೆ ಇಟ್ಟ. ಅಜ್ಜಿ ಕಾಯಿ ಒಡೆದಳು. ಕೂಸಿನ ಹಣೆಯನ್ನು ಕಟ್ಟಿಗೆಯ ಹಣೆಗೆ ಮುಟ್ಟಿಸಿದಳು. ಹೊರಟಿದ್ದ ಹೆಂಗಸರು ಒಬ್ಬೊಬ್ಬರೇ ತಿರುಗಿ ಬಂದು ಸಾಲು ನಿಂತರು. ಗೆಲುವಿಗೆ ಮುಗಿಸಿ ಎಂದಿದ್ದ ಹಿರಿಯರೊಬ್ಬರೂ ಚಪ್ಪಲಿ ಬಿಟ್ಟು ಬಂದರು.

ಅರದಾಳ ಕರಗಿ ಕೊರಳಿಗೆ ಇಳಿಯುತ್ತಿದ್ದ ಮುಖದಲ್ಲಿ, ಮಾತಂಗಿಯ ವೇಷದಲ್ಲೇ, ಅಪ್ಪ ಆ ಸಾಲಿನ ಕಡೆಗೆ ಹೋಗಿ ಕೈ ಮುಗಿದುಕೊಂಡು ನಿಂತ. ತೀರ್ಥದ ಸರದಿ ಬಂದಾಗ ಅಜ್ಜಿ ಅವನಿಗೂ ಒಂದು ಹೋಳು ಕಾಯಿ ಕೊಟ್ಟಳು.