ಕಾವೇರಿ ಬಯಲಿನ ಬಾತು ಬೇಟೆ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ, ನಾಗಮಂಗಲ ಸೀಮೆಯ ನೀರಿನಲ್ಲಿ ಕಾಣುವ ಬಾತುಗಳಲ್ಲಿ ಎರಡು ಬಗೆ. ಕೊಕ್ಕಿನ ತುದಿ ಹಳದಿಯಾಗಿರುವ ಚುಕ್ಕೆ ಬಾತು ಮತ್ತು ಹಾರುವಾಗ ಸಿಳ್ಳೆ ಹಾಕುವ ಸಿಳ್ಳೆಬಾತು ಇಲ್ಲಿಯವೇ. ಮೊಟ್ಟೆ ಇಟ್ಟು ಮರಿ ಮಾಡುವುದೂ ಇಲ್ಲಿಯೇ. ಸೂಜಿಬಾಲದ ಬಾತು, ಚಮಚದಂಥ ಅಗಲ ಕೊಕ್ಕಿನ ಬಾತು, ಬಿಳಿಹುಬ್ಬಿನ ಬಾತು ಮುಂತಾದವು ಮಧ್ಯ ಏಷ್ಯಾ, ಸೈಬೀರಿಯಾ ಕಡೆಯಿಂದ ಚಳಿಗಾಲಕ್ಕೆ ಬಂದು, ಬಿಸಿಲು ಏರುವ ಹೊತ್ತಿಗೆ ಮರಳುವ ವಲಸೆಗಾರರು. ಬಂದೂಕು ಹಿಡಿದವರು ಕಾಯುತ್ತಿದ್ದುದು ಹೆಚ್ಚಾಗಿ ಈ ಎರಡನೆಯ ಬಗೆಗೆ. ಮುಂಗಾರಿನ ಭತ್ತ ಕೊಯ್ಲಾಗಿ ಗದ್ದೆಯಲ್ಲಿ ಕಾಳು ಉದುರಿರುವ ಕಾಲಕ್ಕೇ ಅವು ಇಳಿಯುತ್ತಿದ್ದವು.

ಬಾತಿಗೆ ಬೇಕಾದದ್ದು ಹರಿಯುವ ಹೊಳೆಯಲ್ಲ, ನಿಂತ ನೀರು, ಅದೂ ಮೊಣಕಾಲುದ್ದದ್ದು. ತಲೆ ಮುಳುಗಿಸಿ, ಬಾಲ ಮೇಲೆತ್ತಿ, ಕೆಸರಿನ ಬೀಜ, ಗೆಡ್ಡೆ, ಹುಳು ಹುಡುಕಿ ತಿನ್ನುವ ಹಕ್ಕಿ ಅದು. ಎರಡು ಬೆಟ್ಟಗಳ ನಡುವೆ ಆಳವಾಗಿ ನಿಂತ ತೊಣ್ಣೂರು ಕೆರೆಯಂಥ ತಿಳಿನೀರು ಬಾತಿಗೆ ಹಗಲಿನ ವಿಶ್ರಾಂತಿಗಾದೀತು, ಮೇವಿಗೆ ಒದಗದು. ಮೇವಿರುವುದು ಕೆರೆಯಂಗಳದ ಕೆಸರಿನಲ್ಲಿ, ಕೋಡಿ ಕೆಳಗಿನ ಜೌಗಿನಲ್ಲಿ, ಗದ್ದೆಯಲ್ಲಿ. ಇವೆಲ್ಲ ಈ ನಾಡಿಗೆ ಪ್ರಕೃತಿ ಕೊಟ್ಟವಲ್ಲ, ಮನುಷ್ಯರು ಕಟ್ಟಿದವು. ಮಳೆಯನ್ನೇ ನಂಬಿದ ನಾಗಮಂಗಲದ ಮೇಲ್ನಾಡಿನಲ್ಲಿ, ಕೆ.ಆರ್. ಪೇಟೆಯ ಕಿಕ್ಕೇರಿ, ಸಿಂಧಘಟ್ಟಗಳ ಕಡೆ ಏರಿ ಹಾಕಿ ತೂಬು ಇಟ್ಟವರು ಊರಿನ ಜನ. ಶ್ರೀರಂಗಪಟ್ಟಣದ ಬಳಿ ಕಾವೇರಿಗೆ ಅಡ್ಡಕಟ್ಟೆ ಎದ್ದದ್ದು 1648ರ ಸುಮಾರಿಗೆ, ಕಂಠೀರವ ನರಸರಾಜ ಒಡೆಯರ ಕಾಲದಲ್ಲಿ. ಅದು ನಿಲ್ಲಿಸಿದ ನೀರಿನ ನಡುವೆ ಉಳಿದ ನಡುಗಡ್ಡೆಗಳೇ ಇಂದಿನ ರಂಗನತಿಟ್ಟು. ಹೊಳೆ ತಿರುಗಿಸಿ ಗದ್ದೆಗೆ ನೀರು ಕೊಡುವ ಕೆಲಸಕ್ಕೆ ಹಕ್ಕಿಯ ಲೆಕ್ಕ ಯಾರೂ ಹಿಡಿದಿರಲಿಲ್ಲ. ಆದರೂ ಈ ಸೀಮೆಯಲ್ಲಿ ಬಾತು ಎಲ್ಲಿ ಸಿಗುತ್ತಿತ್ತು ಎಂದು ಕೇಳಿದರೆ, ನೀರು ಕಟ್ಟಿದ ಕಡೆಯಲ್ಲೆಲ್ಲ ಎಂದೇ ಉತ್ತರ.

ಬಂದೂಕು ಬರುವುದಕ್ಕೆ ಮೊದಲೂ ಕನ್ನಡ ನಾಡಿನಲ್ಲಿ ಬೇಟೆಗೆ ಗೌರವವಿತ್ತು. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನ ಹೆಸರಿನಲ್ಲಿರುವ 12ನೇ ಶತಮಾನದ ಮಾನಸೋಲ್ಲಾಸ, ಗಿಡುಗ ಬಿಟ್ಟು ಹಕ್ಕಿ ಹಿಡಿಸುವುದನ್ನು ಅರಸನ ವಿನೋದಗಳಲ್ಲಿ ಒಂದಾಗಿ ಎಣಿಸುತ್ತದೆ. ನೆರೆಯ ಮದ್ದೂರು ಸೀಮೆಯ ಆತಕೂರಿನ 10ನೇ ಶತಮಾನದ ಕಲ್ಲಿನಲ್ಲಿ ಹಂದಿಯೊಡನೆ ಸೆಣಸಿ ಸತ್ತ ಕಾಳಿ ಎಂಬ ನಾಯಿಗೇ ಸ್ಮಾರಕವಿದೆ. ಇಂಥ ಕಲ್ಲು ಬಾತು ಬೇಟೆಗೆ ಸಿಗುವುದಿಲ್ಲ. ಅದರಲ್ಲಿ ಪ್ರಾಣದ ಅಪಾಯವಿಲ್ಲ, ಹಾಗಾಗಿ ಕೀರ್ತಿಯೂ ಇಲ್ಲ. ಬಾತು ಹಿಡಿಯುವುದು ಹೊಟ್ಟೆಪಾಡಿನ ಕೆಲಸವಾಗಿತ್ತು. ಹಕ್ಕಿಪಿಕ್ಕಿಗಳಂಥ ಅಲೆಮಾರಿ ಸಮುದಾಯಗಳು ಬಲೆ, ಉರುಲು, ಅಂಟುಗಳಿಂದ ಹಕ್ಕಿ ಹಿಡಿದು ಊರೂರಿಗೆ ಮಾರುತ್ತಿದ್ದವು. ನೀರಿನಲ್ಲಿ ಮಡಕೆಗಳನ್ನು ತೇಲಿಬಿಟ್ಟು ಹಕ್ಕಿಗೆ ಅದು ರೂಢಿಯಾದ ಮೇಲೆ, ತಾನೂ ಒಂದು ಮಡಕೆಯನ್ನು ತಲೆಗೆ ಕವುಚಿಕೊಂಡು ಕುತ್ತಿಗೆ ಮಟ್ಟದ ನೀರಿನಲ್ಲಿ ಸಾಗಿ ಬಾತಿನ ಕಾಲು ಹಿಡಿದೆಳೆಯುವ ಉಪಾಯ ಭಾರತದ ಹಲವೆಡೆ ಇತ್ತು. ಅದರಲ್ಲಿ ಸದ್ದಿಲ್ಲ, ಹೊಗೆಯಿಲ್ಲ. ಪಕ್ಕದ ಬಾತಿಗೂ ತಿಳಿಯುತ್ತಿರಲಿಲ್ಲ.

ಹೈದರ್, ಟಿಪ್ಪು ಕಾಲದ ಶ್ರೀರಂಗಪಟ್ಟಣದಲ್ಲಿ ಬೇಟೆಯೆಂದರೆ ಸಿವಂಗಿ ಬಿಟ್ಟು ಜಿಂಕೆ ಹಿಡಿಸುವುದು. ಬಾತು ಬೇಟೆಯನ್ನು ಒಂದು ಶೋಕಿಯಾಗಿ ತಂದವರು 1799ರ ನಂತರ ಬಂದ ಇಂಗ್ಲಿಷರು. ಹೈದರ್, ಟಿಪ್ಪು ಸೇವೆಯಲ್ಲಿದ್ದ ಫ್ರೆಂಚ್ ಸಿಪಾಯಿಗಳು ಬೀಡುಬಿಟ್ಟಿದ್ದ ಹಿರೋಡೆಗೆ ‘ಫ್ರೆಂಚ್ ರಾಕ್ಸ್’ ಎಂಬ ಹೆಸರು ಅಂಟಿಕೊಂಡಿತ್ತು. ಇಂದಿನ ಪಾಂಡವಪುರ ಅದೇ. ಇಂಗ್ಲಿಷರ ದಂಡೂ ಅಲ್ಲಿ ನೆಲೆಸಿತ್ತು. ಶ್ರೀರಂಗಪಟ್ಟಣದ ದಂಡನ್ನು ಮಾತ್ರ 1809ರಲ್ಲಿ ಬೆಂಗಳೂರಿಗೆ ಎತ್ತಬೇಕಾಯಿತು, ಕಾರಣ ಚಳಿಜ್ವರ. ಬಾತಿಗೆ ಇಷ್ಟವಾದ ಜೌಗು ಸೊಳ್ಳೆಗೂ ಇಷ್ಟ. ಒಳ್ಳೆಯ ಬೇಟೆಯ ಊರು ಒಳ್ಳೆಯ ಆರೋಗ್ಯದ ಊರಾಗಿರುವುದು ಅಪರೂಪವೇ.

ಮೈಸೂರು ಸೀಮೆಯ ಬಿಳಿಯ ಅಧಿಕಾರಿಗಳಿಗೆ ಚಳಿಗಾಲವೆಂದರೆ ಎರಡು ಹಕ್ಕಿ: ಬಾತು ಮತ್ತು ಸ್ನೈಪ್. ಉದ್ದ ಕೊಕ್ಕಿನ, ಗದ್ದೆ ಕೆಸರಿನಲ್ಲಿ ಅಡಗುವ ಸ್ನೈಪ್ ಕಾಲ ಬುಡದಿಂದಲೇ ಎದ್ದು ಅಂಕುಡೊಂಕಾಗಿ ಹಾರುತ್ತದೆ. ಅದನ್ನು ಹೊಡೆಯುವುದು ಎಷ್ಟು ಕಷ್ಟವೆಂದರೆ, ಗುರಿಕಾರನಿಗೆ ‘ಸ್ನೈಪರ್’ ಎನ್ನುವ ಮಾತು ಹುಟ್ಟಿದ್ದೇ ಭಾರತದಲ್ಲಿದ್ದ ಇಂಗ್ಲಿಷ್ ಸೈನಿಕರ ನಡುವೆ, 18ನೇ ಶತಮಾನದಲ್ಲಿ. ಸ್ನೈಪಿಗೆ ಸಾಲಾಗಿ ಗದ್ದೆ ತುಳಿಯಬೇಕು. ಬಾತಿಗೆ ಹಾಗಲ್ಲ, ಕಾಯಬೇಕು. ಬೆಳಗು ಹರಿಯುವ ಮೊದಲೇ ಕೆರೆಯ ಸುತ್ತ ಒಬ್ಬೊಬ್ಬರು ಒಂದೊಂದು ಮರೆ ಹಿಡಿದು ಕೂರುವರು. ಹರಿಗೋಲಿನವನೋ ನೀರಿಗಿಳಿದ ಊರವರೋ ಹಕ್ಕಿಗಳನ್ನು ಎಬ್ಬಿಸುವರು. ಮೊದಲ ಈಡಿಗೇ ಕೆರೆಯ ಹಕ್ಕಿಯೆಲ್ಲ ಮೇಲೇಳುತ್ತದೆ. ಅಕ್ಕಪಕ್ಕದಲ್ಲಿ ಬೇರೆ ಕೆರೆ ಇಲ್ಲದಿದ್ದರೆ ಸುತ್ತಿ ಸುತ್ತಿ ಅಲ್ಲಿಗೇ ಮರಳುತ್ತದೆ. ಇದ್ದರೆ ಅಲ್ಲಿಗೆ ಬೇಟೆ ಮುಗಿಯಿತು. ಬಿದ್ದ ಹಕ್ಕಿಯನ್ನು ಜೊಂಡಿನ ನಡುವಿನಿಂದ ಈಜಿ ತರುತ್ತಿದ್ದವರ ಕೂಲಿ ಎಷ್ಟೆಂದು ಬೇಟೆಯ ಪುಸ್ತಕಗಳು ಬರೆಯುವುದಿಲ್ಲ, ಚರೆಯ ಅಳತೆಯನ್ನು ಮಾತ್ರ ತಪ್ಪದೆ ಬರೆಯುತ್ತವೆ.

ಇದಕ್ಕೆ ಕಟ್ಟಳೆ ಬಂದದ್ದು 1901ರಲ್ಲಿ, ಮೈಸೂರು ಸಂಸ್ಥಾನದ ಬೇಟೆ ಮತ್ತು ಮೀನು ಸಂರಕ್ಷಣಾ ಕಾಯಿದೆಯಿಂದ. ಅದರ ದೃಷ್ಟಿ ಬೇಟೆಗಾರನದೇ: ಮುಂದಿನ ವರ್ಷವೂ ಹೊಡೆಯಲು ಹಕ್ಕಿ ಉಳಿಯಬೇಕು ಎನ್ನುವುದು. ಬಾತಿನ ಬದುಕನ್ನು ಅದಕ್ಕಿಂತ ಹೆಚ್ಚಾಗಿ ಬದಲಿಸಿದ್ದು ಕನ್ನಂಬಾಡಿ ಕಟ್ಟೆ. 1911ರಲ್ಲಿ ಕೆಲಸ ಶುರುವಾಗಿ 1930ರ ದಶಕದ ಆರಂಭಕ್ಕೆ ಕೃಷ್ಣರಾಜಸಾಗರ ತುಂಬಿ ನಿಂತಿತು. ಹೇಮಾವತಿ ಕಾವೇರಿ ಸೇರುವ ಅಕ್ಕಿಹೆಬ್ಬಾಳಿನ ಕಡೆಗೂ ಹಿನ್ನೀರು ಹರಡಿತು. ಇರ್ವಿನ್ ನಾಲೆಯ, ಅಂದರೆ ಇಂದಿನ ವಿಶ್ವೇಶ್ವರಯ್ಯ ನಾಲೆಯ ನೀರು ರಾಗಿ ಹೊಲಗಳನ್ನು ಭತ್ತದ ಗದ್ದೆ, ಕಬ್ಬಿನ ತೋಟ ಮಾಡಿತು. ನೀರು ಕಾಣದ ನೆಲದಲ್ಲಿ ನೀರಾವರಿ ಬೇಸಾಯ ಹೇಗೆಂದು ತೋರಿಸಲು ಮಂಡ್ಯದ ಬಳಿ ಇರ್ವಿನ್ ನಾಲೆ ಫಾರಂ ಎದ್ದಿತು, ಈಗಿನ ವಿ.ಸಿ. ಫಾರಂ ಅದೇ. ಅದರ ಹಿಂದಿದ್ದ ಸಂಸ್ಥಾನದ ಕೃಷಿ ನಿರ್ದೇಶಕ ಲೆಸ್ಲಿ ಕೋಲ್ಮನ್ ಕೆನಡಾದವರು. ನಾಲೆಯ ಹಿಂದೆಯೇ ಮಲೇರಿಯಾ ಬಂತು, ಬಾತಿನ ಮೇವೂ ಹೆಚ್ಚಿತು. ಕಬ್ಬು ಹೆಚ್ಚಿದಲ್ಲಿ ಮಾತ್ರ ಬಾತಿಗೆ ಲಾಭವಿರಲಿಲ್ಲ.

1939-40ರಲ್ಲಿ ಪಕ್ಷಿತಜ್ಞ ಸಲೀಂ ಅಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆಗೆ ಬಂದರು. ಆ ಕಾಲದ ಸಮೀಕ್ಷೆಯೆಂದರೆ ದುರ್ಬೀನಿನ ಜೊತೆಗೆ ಕೋವಿಯೂ ಇರಬೇಕು. ಹಕ್ಕಿಯನ್ನು ಹೊಡೆದು, ಚರ್ಮ ಸುಲಿದು, ಹತ್ತಿ ತುಂಬಿ, ಚೀಟಿ ಕಟ್ಟಿದರೇ ಅದಕ್ಕೆ ದಾಖಲೆಯ ಬೆಲೆ. ಕಾವೇರಿಯ ನಡುಗಡ್ಡೆಗಳಲ್ಲಿ ಕೊಕ್ಕರೆ, ಬೆಳ್ಳಕ್ಕಿ, ನೀರುಕಾಗೆಗಳು ಗೂಡುಕಟ್ಟಿದ್ದನ್ನು ಕಂಡ ಅವರು, ಆ ಜಾಗವನ್ನು ಕಾಪಾಡುವಂತೆ ಒಡೆಯರ್ ಅರಸರನ್ನು ಒಪ್ಪಿಸಿದರು. 1940ರಲ್ಲಿ ರಂಗನತಿಟ್ಟು ಪಕ್ಷಿಧಾಮವಾಯಿತು. ಎರಡೇ ವರ್ಷ ಹಿಂದೆ, 1938ರ ನವೆಂಬರ್ 12ರಂದು ರಾಜಸ್ಥಾನದ ಭರತಪುರದಲ್ಲಿ ವೈಸರಾಯ್ ಲಿನ್‌ಲಿತ್‌ಗೋ ತಂಡ ಒಂದೇ ದಿನ 4,273 ಹಕ್ಕಿಗಳನ್ನು ಹೊಡೆದಿತ್ತು. ಅಲ್ಲಿನ ಅರಸರು ಬಾತು ಇಳಿಯಲೆಂದೇ ಜೌಗನ್ನು ಕಟ್ಟಿಸಿ ಸಾಕಿದ್ದರು. ಇಲ್ಲಿನ ಕಟ್ಟೆಗಳು ಗದ್ದೆಗಾಗಿ ಎದ್ದವು. ಮಂಡ್ಯ ಸೀಮೆಯಲ್ಲಿ ಭರತಪುರದಂಥ ಕಗ್ಗೊಲೆ ನಡೆಯದಿದ್ದುದಕ್ಕೆ ಯಾರ ದಯೆಯೂ ಕಾರಣವಲ್ಲ. ಹಕ್ಕಿ ಒಂದೇ ಕಡೆ ಸೇರದೆ ನೂರು ಕೆರೆಗಳಿಗೆ ಹಂಚಿಹೋಗಿತ್ತು.

ಉತ್ತರ ಅಮೆರಿಕದ ಹುಲ್ಲುಬಯಲಿನಲ್ಲೂ ಇದೇ ಕಾಲದಲ್ಲಿ ಬಾತಿನ ಸುದ್ದಿ ದೊಡ್ಡದಾಗಿತ್ತು. ಬರ ಬಿದ್ದು ಗುಂಡಿಗಳೆಲ್ಲ ಒಣಗಿದಾಗ, 1934ರಿಂದ ಅಮೆರಿಕದ ಬೇಟೆಗಾರರು ಬಾತು ಬೇಟೆಯ ಚೀಟಿ ಕೊಂಡು ಜೌಗು ಉಳಿಸುವ ಹಣ ಕೊಡತೊಡಗಿದರು. ಯುರೋಪಿನಲ್ಲಿಯೂ ಬಾತು ಬೇಟೆಗಾರರು ಮತ್ತು ಪಕ್ಷಿತಜ್ಞರು ಕೂಡಿ ನಡೆಸಿದ ಮಾತುಕತೆ 1971ರ ಫೆಬ್ರವರಿ 2ರಂದು ಇರಾನಿನ ರಾಮ್ಸರ್ ಊರಿನಲ್ಲಿ ಒಪ್ಪಂದವಾಯಿತು. ಅದರ ಪೂರ್ತಿ ಹೆಸರಿನಲ್ಲೇ ನೀರುಹಕ್ಕಿಯ ನೆಲೆ ಎಂಬ ಮಾತಿದೆ.

ಇಲ್ಲಿ ಕೋವಿ ಇಳಿಯಲು ಇನ್ನೂ ಕಾಲ ಹಿಡಿಯಿತು. 1963ರಲ್ಲಿ ಮೈಸೂರು ರಾಜ್ಯ ಹೊಸ ಕಾಯಿದೆ ತಂದಿತು. 1972ರ ಕೇಂದ್ರ ವನ್ಯಜೀವಿ ಸಂರಕ್ಷಣಾ ಕಾಯಿದೆಯೂ ಬಾತು ಬೇಟೆಯನ್ನು ಒಮ್ಮೆಗೇ ನಿಲ್ಲಿಸಲಿಲ್ಲ. ನಾಲ್ಕನೆಯ ಅನುಸೂಚಿಗೆ ಸೇರಿದ ಬಾತುಗಳನ್ನು ಸಣ್ಣ ಬೇಟೆಯ ಪರವಾನಗಿ ಪಡೆದು ಹೊಡೆಯಲು ಅದರಲ್ಲಿ ಅವಕಾಶವಿತ್ತು. ಆ ಬಾಗಿಲು ಮುಚ್ಚಿದ್ದು 1991ರ ತಿದ್ದುಪಡಿಯಿಂದ. ಈ ನಡುವೆ 1974ರಲ್ಲಿ ಮೇಲುಕೋಟೆಯ ಕುರುಚಲು ಕಾಡು ತೋಳಗಳಿಗಾಗಿ, 1981ರಲ್ಲಿ ನಾಗಮಂಗಲದ ಆದಿಚುಂಚನಗಿರಿ ನವಿಲುಗಳಿಗಾಗಿ ವನ್ಯಧಾಮಗಳಾದವು.

ಬಾತಿನ ಪಾಡಿಗೆ ಈಗ ಕೋವಿ ದೊಡ್ಡ ಕಾರಣವಲ್ಲ. ನಾಗಮಂಗಲದಂಥ ಮಳೆಯಾಶ್ರಿತ ತಾಲ್ಲೂಕಿನಲ್ಲಿ ಹೂಳು ತುಂಬಿದ ಕೆರೆ ಬೇಗ ಒಣಗುತ್ತದೆ. ಅಂಗಳ ಒತ್ತುವರಿಯಾದರೆ ಮೊಣಕಾಲುದ್ದದ ಅಂಚೇ ಇಲ್ಲವಾಗುತ್ತದೆ. ಹೂಳೆತ್ತುವಾಗ ಇಡೀ ಕೆರೆಯನ್ನು ಬಟ್ಟಲಿನಂತೆ ಆಳವಾಗಿ ತೋಡಿದರೂ ಫಲ ಅದೇ: ನೀರು ನಿಲ್ಲುತ್ತದೆ, ಬಾತು ನಿಲ್ಲುವುದಿಲ್ಲ. ಚಳಿಗಾಲದ ನಸುಕಿನಲ್ಲಿ ಕೆರೆ ಏರಿಗೆ ಗೆಳೆಯರು ಕೂಡಿ ಬರುವ ರೂಢಿ ಮಾತ್ರ ಉಳಿದಿದೆ. 1987ರಲ್ಲಿ ಶುರುವಾದ ಏಷ್ಯಾ ಜಲಪಕ್ಷಿ ಗಣತಿಗೆ ಪ್ರತಿ ಜನವರಿಯಲ್ಲಿ ಹಕ್ಕಿ ಎಣಿಸುವವರು ಅವರು. ಭಾರತ 1982ರಲ್ಲಿ ಸೇರಿದ ರಾಮ್ಸರ್ ಒಪ್ಪಂದದ ಪಟ್ಟಿಗೆ ರಂಗನತಿಟ್ಟು 2022ರಲ್ಲಿ ಸೇರಿತು. ಕರ್ನಾಟಕದಿಂದ ಆ ಪಟ್ಟಿ ಸೇರಿದ ಮೊದಲ ಜಾಗ ಅದೇ.