ಸೇವ್ ಮಾಡಿ ಆಡಿದರೆ ಮೋಸವೇ?

"ಅದು ಮೋಸ ಕಣೋ!"

ಚಿಕ್ಕಪ್ಪನ ಮಗ ನನ್ನ ಮೇಲೆ ಹೀಗೆ ಗೂಬೆ ಕೂರಿಸಿದಾಗ ನಾನು ಏಳನೇ ಕ್ಲಾಸು. ಅವರ ಮನೆಯ ಹಳೇ ಕಂಪ್ಯೂಟರಿನಲ್ಲಿ 'ಪ್ರಿನ್ಸ್ ಆಫ್ ಪರ್ಶಿಯಾ' ಮುಗಿಸಿ ಬೀಗುತ್ತಿದ್ದೆ. ಕಂಟ್ರೋಲ್-ಜಿ ಒತ್ತಿ ಸೇವ್ ಮಾಡಿಕೊಂಡು ಆಡಿದ್ದು ಅವನಿಗೆ ಗೊತ್ತಾಗಿಬಿಟ್ಟಿತು. ರಜೆ ಮುಗಿಯೋವರೆಗೂ ನನಗೆ "ಮೋಸಗಾರ" ಅನ್ನೋ ಬಿರುದು. ಆ ಕೇಸನ್ನು ಇವತ್ತು ಮತ್ತೆ ತೆಗೆಯುತ್ತಿದ್ದೇನೆ :)

ಕಾಸು ಹಾಕಿ ಆಡುವ ಮಷೀನುಗಳ ಕಾಲದಲ್ಲಿ ಈ ಜಗಳವೇ ಇರಲಿಲ್ಲ. ಸತ್ತರೆ ಇನ್ನೊಂದು ಕಾಸು, ಅಷ್ಟೇ. ಆದರೆ ಕಂಪ್ಯೂಟರಿಗೆ ಬಂದ ಆಟಗಳು ಒಂದೇ ಕೂತಲ್ಲಿ ಮುಗಿಯುವಂಥವಾಗಿರಲಿಲ್ಲ. 'ಜೋರ್ಕ್' ಎಂಬ ಅಕ್ಷರಗಳ ಆಟದಲ್ಲಿ 'ಸೇವ್' ಅಂತ ಟೈಪ್ ಮಾಡಿ ಎದ್ದು ಹೋಗಬಹುದಿತ್ತು. ಅಂದರೆ ಸೇವ್ ಅನ್ನೋದು ಪುಸ್ತಕದೊಳಗೆ ಇಟ್ಟ ನವಿಲುಗರಿಯಂತೆ, ನಿಲ್ಲಿಸಿದ ಜಾಗದ ಗುರುತು.

ಅದನ್ನು ಮೊದಲೇ ಅನುಮಾನದಿಂದ ನೋಡಿದ ಆಟಗಳಲ್ಲೊಂದು 1980ರ ಸುಮಾರಿಗೆ ಯುನಿಕ್ಸ್ ಮೇಲೆ ಬಂದ 'ರೋಗ್'. ಮೈಕೆಲ್ ಟಾಯ್, ಗ್ಲೆನ್ ವಿಚ್‌ಮನ್ ಬರೆದದ್ದು. ಅದರಲ್ಲಿ ಸೇವ್ ಇತ್ತು, ಆದರೆ ಆಟ ಮತ್ತೆ ತೆರೆದ ಕೂಡಲೇ ಆ ಫೈಲು ಅಳಿಸಿಹೋಗುತ್ತಿತ್ತು. ಬಿಡುವು ಉಂಟು, ಮರುಜನ್ಮ ಇಲ್ಲ! ಆಡುವವರೇನು ಕಡಿಮೆಯೇ? ಫೈಲಿನ ಕಾಪಿ ಮೊದಲೇ ಎತ್ತಿಟ್ಟುಕೊಂಡರು. ಈ ಚಾಳಿಗೆ ಮುಂದೆ 'ಸೇವ್ ಸ್ಕಮಿಂಗ್' ಅಂತ ಹೆಸರೇ ಬಂತು.

1993ರ 'ಡೂಮ್' ಇದಕ್ಕೆ ತದ್ವಿರುದ್ಧ. ಎಫ್6 ಒತ್ತಿದರೆ ಸೇವ್, ಎಫ್9 ಒತ್ತಿದರೆ ವಾಪಸ್. ಪ್ರತಿ ಬಾಗಿಲ ಮುಂದೆಯೂ ಒತ್ತಬಹುದು. 1996ರ 'ರೆಸಿಡೆಂಟ್ ಈವಿಲ್'ನಲ್ಲಾದರೋ ಸೇವ್ ಮಾಡಲು ಟೈಪ್‌ರೈಟರ್ ಬೇಕು, ಪ್ರತಿ ಸಲಕ್ಕೂ ಒಂದು ರಿಬ್ಬನ್ ಖರ್ಚು. ನಮ್ಮ ಸೈಬರ್ ಕೆಫೆಗಳ ಪ್ರೀತಿಯ 'ಐಜಿಐ' (2000) ಮಿಷನ್ ನಡುವೆ ಸೇವ್ ಮಾಡಲು ಬಿಡುತ್ತಲೇ ಇರಲಿಲ್ಲ. ಕೊನೆಯಲ್ಲಿ ಗುಂಡು ತಿಂದರೆ ಮತ್ತೆ ಮೊದಲಿಂದ. 2003ರ ಎರಡನೇ ಭಾಗದಲ್ಲಿ ಸೇವ್ ಕೊಟ್ಟರು, ಆದರೆ ಎಣಿಸಿ ಕೊಟ್ಟರು.

2001ರ 'ಸಿವಿಲೈಸೇಶನ್ 3' ಇನ್ನೂ ಜಾಣ. ಯುದ್ಧದಲ್ಲಿ ಸೋತೆವೆಂದು ಲೋಡ್ ಮಾಡಿ ಅದೇ ನಡೆಯನ್ನು ಮತ್ತೆ ಆಡಿದರೆ ಅದೇ ಸೋಲು ಬರುವಂತೆ, ರ್‍ಯಾಂಡಮ್ ಸಂಖ್ಯೆಯ ಬೀಜವನ್ನೂ ಸೇವ್ ಜೊತೆಗೇ ಕಾಪಾಡುವ ಆಯ್ಕೆ ಅದರಲ್ಲಿತ್ತು. ಚೌಕಾಬಾರದಲ್ಲಿ ಬೇಕಾದ ಗರ ಬೀಳುವ ತನಕ ಕವಡೆ ಎಸೀತಾ ಕೂತರೆ ಅಜ್ಜಿ ಬಿಡ್ತಾರಾ? ಹಾಗೆ!

ಇಷ್ಟೆಲ್ಲಾ ನೋಡಿದ ಮೇಲೆ ನನಗನ್ನಿಸಿದ್ದು: ಆಟವೇ ಕೊಟ್ಟ ಕೀಲಿ ಒತ್ತುವುದು ಮೋಸವಲ್ಲ, ಅದೂ ನಿಯಮದ ಒಂದು ಭಾಗ. ಆಟ ಬೇಡವೆಂದದ್ದನ್ನು ಅದರ ಬೆನ್ನ ಹಿಂದೆ ಮಾಡಿದರೆ ಮೋಸ.

ಹಾಗಾದರೆ ನನ್ನ ಕೇಸು? ಜೋರ್ಡನ್ ಮೆಕ್‌ನರ್ 1989ರಲ್ಲಿ ಮಾಡಿದ ಆ ಆಟದಲ್ಲಿ ರಾಜಕುಮಾರಿಯನ್ನು ಬಿಡಿಸಲು ಇರುವುದು ಅರವತ್ತೇ ನಿಮಿಷ. ಮೂರನೇ ಹಂತದಿಂದ ಸೇವ್ ಮಾಡಬಹುದು. ಆದರೆ ಲೋಡ್ ಮಾಡಿದರೆ ಆ ಹಂತದ ಆರಂಭದಿಂದಲೇ ಆಡಬೇಕು, ಉಳಿದ ಸಮಯವೂ ಫೈಲಿನಲ್ಲಿ ಕೂತಿರುತ್ತದೆ. ವ್ಯರ್ಥವಾದ ನಿಮಿಷ ಸುಮ್ಮನೆ ವಾಪಸ್ ಸಿಗಲ್ಲ. ಹಾಗಾಗಿ ಕಂಟ್ರೋಲ್-ಜಿ ಒತ್ತಿದ್ದರಲ್ಲಿ ನಾನು ನಿರ್ದೋಷಿ.

ಆದರೆ... ಸಮಯ ಮುಗಿಯುತ್ತಾ ಬಂದಾಗಲೆಲ್ಲ ನಾನು ಹಳೇ ಸೇವ್ ಫೈಲಿನ ಕಾಪಿಯನ್ನು ತಂದು ಕೂರಿಸುತ್ತಿದ್ದೆ. ಅರವತ್ತು ನಿಮಿಷದ ಆಟವನ್ನು ಇಡೀ ಬೇಸಿಗೆ ಆಡಿದ್ದೆ. ಅದು ಅಣ್ಣನಿಗೆ ಇವತ್ತಿಗೂ ಗೊತ್ತಿಲ್ಲ. ಅವನು ಕೊಟ್ಟ ಕಾರಣ ತಪ್ಪು, ತೀರ್ಪು ಸರಿ.

ಇದನ್ನು ಓದಿದರೆ ಫೋನ್ ಮಾಡ್ತಾನೆ. ಒಪ್ಪಿಕೊಂಡುಬಿಡ್ತೀನಿ. ನೀವೇನಂತೀರಿ?