ಸ್ಕೂಟರ್‌ನ ಆಟೋ ಪೆಟ್ರೋಲ್ ಕಾಕ್ ಕೆಟ್ಟಿದೆಯೇ? ಕೈಯಿಂದ ತಿರುಗಿಸುವ ಕಾಕ್ ಹಾಕಿಸುವ ಮುನ್ನ ಇದನ್ನು ತಿಳಿದುಕೊಳ್ಳಿ

ಶಹಾಡ್ (ಠಾಣೆ ಜಿಲ್ಲೆ): ಕಲ್ಯಾಣ್ ದಾಟಿದ ಮೇಲೆ ಕಸಾರಾ ಮಾರ್ಗದಲ್ಲಿ ಸಿಗುವ ಮೊದಲ ನಿಲ್ದಾಣ ಶಹಾಡ್. ಸೆಂಚುರಿ ರೇಯಾನ್ ಕಾರ್ಖಾನೆ ಮತ್ತು ಬಿರ್ಲಾ ಮಂದಿರದಿಂದ ಹೆಸರಾದ ಊರು. ಬೆಳಿಗ್ಗೆ ಸ್ಟೇಷನ್ ಹತ್ತಿರ ಸ್ಕೂಟರ್ ನಿಲ್ಲಿಸಿ ಮುಂಬೈ ಲೋಕಲ್ ಹತ್ತಿದವರು ವಾಪಸ್ ಬರುವುದು ರಾತ್ರಿಗೆ. ಅಲ್ಲಿಯವರೆಗೆ ಗಾಡಿ ಹತ್ತು, ಹನ್ನೆರಡು ಗಂಟೆ ಅಲುಗಾಡದೆ ನಿಂತಿರುತ್ತದೆ. ಆ ಹೊತ್ತಿನಲ್ಲಿ ಟ್ಯಾಂಕಿನ ಪೆಟ್ರೋಲ್ ಕೆಳಗೆ ಇಳಿಯದಂತೆ ತಡೆಯುವುದು ಒಂದು ಪುಟ್ಟ ಭಾಗ: ವ್ಯಾಕ್ಯೂಮ್ ಪೆಟ್ರೋಲ್ ಕಾಕ್. ಮೆಕ್ಯಾನಿಕ್‌ಗಳ ಬಾಯಲ್ಲಿ ಇದು 'ಆಟೋ ಕಾಕ್'.

ಹಳೆಯ ಗಾಡಿಗಳಲ್ಲಿ ಇದು ಕೈಕೊಟ್ಟಾಗ, 'ಇದನ್ನು ತೆಗೆದುಹಾಕಿ, ಕೈಯಿಂದ ತಿರುಗಿಸುವ ಕಾಕ್ ಹಾಕಿಬಿಡೋಣ' ಎಂಬ ಸಲಹೆ ಗ್ಯಾರೇಜ್‌ಗಳಲ್ಲಿ ಸಾಮಾನ್ಯ. ಇದು ಸರಿಯೇ? ಯಾವ ಗಾಡಿಗೆ ಸರಿ, ಯಾವುದಕ್ಕೆ ಅಪಾಯ? ಇಲ್ಲಿದೆ ಮಾಹಿತಿ.

ಆಟೋ ಕಾಕ್ ಕೆಲಸ ಮಾಡುವುದು ಹೇಗೆ?

ಹಳೆಯ ಬಜಾಜ್ ಚೇತಕ್ ಓಡಿಸಿದವರಿಗೆ ಸೀಟಿನ ಕೆಳಗಿನ ಪೆಟ್ರೋಲ್ ಕಾಕ್ ನೆನಪಿರುತ್ತದೆ. ಆನ್, ಆಫ್, ರಿಸರ್ವ್ ಎಂಬ ಮೂರು ಸ್ಥಾನ. ಗಾಡಿ ನಿಲ್ಲಿಸಿದಾಗ ಮುಚ್ಚುವುದು ಸವಾರನ ಕೆಲಸ. ನಂತರ ಬಂದ ಅನೇಕ ಗೇರ್‌ಲೆಸ್ ಸ್ಕೂಟರ್‌ಗಳಲ್ಲಿ ಈ ಕೆಲಸವನ್ನು ಎಂಜಿನ್ನೇ ಮಾಡುವಂತೆ ವ್ಯವಸ್ಥೆ ಬಂತು.

ಆಟೋ ಕಾಕ್ ಒಳಗೆ ಡಯಾಫ್ರಾಮ್ ಎಂಬ ತೆಳುವಾದ ರಬ್ಬರ್ ಪರದೆ ಮತ್ತು ಒಂದು ಸ್ಪ್ರಿಂಗ್ ಇರುತ್ತದೆ. ಸ್ಪ್ರಿಂಗ್ ಯಾವಾಗಲೂ ಪೆಟ್ರೋಲ್ ದಾರಿಯನ್ನು ಮುಚ್ಚಿಟ್ಟಿರುತ್ತದೆ. ಎಂಜಿನ್ ತಿರುಗಿದಾಗ ಗಾಳಿ ಎಳೆದುಕೊಳ್ಳುವ ದಾರಿಯಲ್ಲಿ, ಅಂದರೆ ಇನ್‌ಟೇಕ್ ಮ್ಯಾನಿಫೋಲ್ಡ್‌ನಲ್ಲಿ, ಒತ್ತಡ ಕಡಿಮೆಯಾಗುತ್ತದೆ. ಅಲ್ಲಿಂದ ಬಂದ ಸಣ್ಣ ಪೈಪ್ ಡಯಾಫ್ರಾಮನ್ನು ಎಳೆಯುತ್ತದೆ, ದಾರಿ ತೆರೆಯುತ್ತದೆ, ಪೆಟ್ರೋಲ್ ಕಾರ್ಬೊರೇಟರ್‌ಗೆ ಇಳಿಯುತ್ತದೆ. ಎಂಜಿನ್ ನಿಂತರೆ ಎಳೆತ ನಿಲ್ಲುತ್ತದೆ, ದಾರಿ ತಾನಾಗಿ ಮುಚ್ಚುತ್ತದೆ.

ಸವಾರ ಮರೆತರೂ ಕಾಕ್ ಮರೆಯುವುದಿಲ್ಲ. ಗಾಡಿ ಬಿದ್ದು ಎಂಜಿನ್ ನಿಂತರೂ ಪೆಟ್ರೋಲ್ ನಿಲ್ಲುತ್ತದೆ. ಇದೇ ಇದರ ದೊಡ್ಡ ಲಾಭ.

ಕೆಟ್ಟಿದೆ ಎಂದು ತಿಳಿಯುವುದು ಹೇಗೆ?

ಡಯಾಫ್ರಾಮ್ ರಬ್ಬರ್ ಆಗಿರುವುದರಿಂದ ವರ್ಷಗಳು ಕಳೆದಂತೆ ಗಟ್ಟಿಯಾಗುತ್ತದೆ ಅಥವಾ ಸೀಳುತ್ತದೆ. ಪೆಟ್ರೋಲ್‌ಗೆ ಎಥೆನಾಲ್ ಬೆರೆಸುವ ಪ್ರಮಾಣ ಹೆಚ್ಚಾದ ಮೇಲೆ ಹಳೆಯ ಗಾಡಿಗಳ ರಬ್ಬರ್ ಭಾಗಗಳ ಮೇಲೆ ಹೆಚ್ಚು ಗಮನ ಬೇಕಾಗಿದೆ. ಶೇ. 20ರಷ್ಟು ಎಥೆನಾಲ್ ಇರುವ ಇ20 ಪೆಟ್ರೋಲ್‌ಗೆ 2023ರ ಫೆಬ್ರವರಿಯಲ್ಲಿ ಬೆಂಗಳೂರಿನಲ್ಲಿ ಚಾಲನೆ ಸಿಕ್ಕಿತ್ತು. ಎಥೆನಾಲ್ ತೇವವನ್ನೂ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಗೆ ಇದು ಒಳ್ಳೆಯದಲ್ಲ.

ದೋಷದ ಲಕ್ಷಣಗಳು ಎರಡು ಬಗೆ.

ಒಂದು, ಡಯಾಫ್ರಾಮ್ ಸೀಳಿದಾಗ: ಪೆಟ್ರೋಲ್ ವ್ಯಾಕ್ಯೂಮ್ ಪೈಪ್ ಮೂಲಕ ನೇರವಾಗಿ ಎಂಜಿನ್‌ಗೆ ಹೋಗುತ್ತದೆ. ಕಪ್ಪು ಹೊಗೆ, ಮೈಲೇಜ್ ಇಳಿಕೆ, ಸ್ಪಾರ್ಕ್ ಪ್ಲಗ್ ಮೇಲೆ ಮಸಿ, ಬಿಸಿಯಾಗಿದ್ದಾಗ ಸ್ಟಾರ್ಟ್ ಆಗದಿರುವುದು ಇದರ ಗುರುತು. ಫೋರ್ ಸ್ಟ್ರೋಕ್ ಎಂಜಿನ್ ಆದರೆ ಆಯಿಲ್ ಪರೀಕ್ಷಿಸಿ. ಡಿಪ್‌ಸ್ಟಿಕ್‌ನಲ್ಲಿ ಆಯಿಲ್ ಮಟ್ಟ ಏರಿದ್ದು ಪೆಟ್ರೋಲ್ ವಾಸನೆ ಬಂದರೆ ಎಂಜಿನ್ ಸ್ಟಾರ್ಟ್ ಮಾಡಬೇಡಿ. ತೆಳುವಾದ ಆಯಿಲ್ ಎಂಜಿನ್ನನ್ನೇ ಸವೆಸುತ್ತದೆ. ಮೊದಲು ದೋಷ ಸರಿಪಡಿಸಿ, ಆಯಿಲ್ ಬದಲಿಸಿ.

ಎರಡು, ಡಯಾಫ್ರಾಮ್ ಗಟ್ಟಿಯಾದಾಗ ಅಥವಾ ವ್ಯಾಕ್ಯೂಮ್ ಪೈಪ್ ಬಿರುಕು ಬಿಟ್ಟಾಗ: ಕಾಕ್ ಪೂರ್ತಿ ತೆರೆಯುವುದಿಲ್ಲ. ನಿಧಾನವಾಗಿ ಹೋಗುವಾಗ ಗಾಡಿ ಸರಿಯಾಗಿರುತ್ತದೆ, ಫ್ಲೈಓವರ್ ಏರುವಾಗ ಜಗ್ಗಿ ನಿಂತುಬಿಡುತ್ತದೆ. ಆಕ್ಸಿಲರೇಟರ್ ಪೂರ್ತಿ ತಿರುಗಿಸಿದಾಗ ಮ್ಯಾನಿಫೋಲ್ಡ್‌ನ ಎಳೆತ ಕಡಿಮೆಯಾಗುವುದೇ ಇದಕ್ಕೆ ಕಾರಣ.

ಪರೀಕ್ಷೆ ಸುಲಭ. ತೆರೆದ ಜಾಗದಲ್ಲಿ, ಎಂಜಿನ್ ತಣ್ಣಗಿದ್ದಾಗ, ಕಾರ್ಬೊರೇಟರ್ ಕಡೆಯ ಪೆಟ್ರೋಲ್ ಪೈಪ್ ಬಿಡಿಸಿ ಬಾಟಲಿಗೆ ಇಳಿಬಿಡಿ. ಎಂಜಿನ್ ಆಫ್ ಇರುವಾಗ ಪೆಟ್ರೋಲ್ ಬರಬಾರದು. ವ್ಯಾಕ್ಯೂಮ್ ಪೈಪ್‌ಗೆ ಸಿರಿಂಜ್ ಹಾಕಿ ಎಳೆದರೆ ಧಾರೆಯಾಗಿ ಬರಬೇಕು. ಬಾಯಿಂದ ಎಳೆಯಬೇಡಿ. ಸಿರಿಂಜ್ ಒಳಗೇ ಪೆಟ್ರೋಲ್ ಬಂದರೆ ಡಯಾಫ್ರಾಮ್ ಹೋಗಿದೆ ಎಂದೇ ಅರ್ಥ.

ಇನ್ನೊಂದು ಮಾತು. ಟ್ಯಾಂಕ್ ಮುಚ್ಚಳದ ಗಾಳಿ ರಂಧ್ರ ಕಟ್ಟಿಕೊಂಡರೂ ಗಾಡಿ ಹೀಗೇ ಜಗ್ಗುತ್ತದೆ. ನಿಂತ ಗಾಡಿಯ ಮುಚ್ಚಳ ಒಮ್ಮೆ ತೆರೆದು ಮುಚ್ಚಿದ ಕೂಡಲೇ ಸರಿಹೋದರೆ ದೋಷ ಮುಚ್ಚಳದ್ದು. ಕಾಕ್ ಬದಲಿಸಿ ಪ್ರಯೋಜನವಿಲ್ಲ.

ಮ್ಯಾನ್ಯುವಲ್ ಕಾಕ್ ಯಾವ ಗಾಡಿಗೆ ಆಗುವುದಿಲ್ಲ?

* ಫ್ಯೂಯಲ್ ಇಂಜೆಕ್ಷನ್ ಗಾಡಿಗಳಿಗೆ: 2020ರ ಏಪ್ರಿಲ್ 1ರಿಂದ ಬಿಎಸ್-6 ನಿಯಮ ಜಾರಿಯಾದ ಮೇಲೆ ಬಂದ ಬಹುತೇಕ ಎಲ್ಲ ಸ್ಕೂಟರ್, ಬೈಕ್‌ಗಳಲ್ಲಿ ಕಾರ್ಬೊರೇಟರ್ ಇಲ್ಲ. ಟ್ಯಾಂಕಿನಿಂದ ಒತ್ತಡದಲ್ಲಿ ಪೆಟ್ರೋಲ್ ಕಳಿಸಲು ವಿದ್ಯುತ್ ಪಂಪ್ ಇರುತ್ತದೆ. ಇಲ್ಲಿ ಈ ಬದಲಾವಣೆಯ ಪ್ರಶ್ನೆಯೇ ಇಲ್ಲ.

* ಟ್ಯಾಂಕ್ ತಗ್ಗಿನಲ್ಲಿರುವ ಗಾಡಿಗಳಿಗೆ: ಟ್ಯಾಂಕ್ ಕಾರ್ಬೊರೇಟರ್‌ಗಿಂತ ಕೆಳಗಿದ್ದರೆ ಅಲ್ಲಿರುವುದು ಬರೀ ಕಾಕ್ ಅಲ್ಲ, ವ್ಯಾಕ್ಯೂಮ್‌ನಿಂದ ನಡೆಯುವ ಪಂಪ್. ನೋಡಲು ಎರಡೂ ಒಂದೇ ತರಹ. ಅದನ್ನು ತೆಗೆದು ಸಾದಾ ಕಾಕ್ ಹಾಕಿದರೆ ಪೆಟ್ರೋಲ್ ಮೇಲೇರುವುದೇ ಇಲ್ಲ.

* ವಾರಂಟಿ ಇರುವ ಗಾಡಿಗಳಿಗೆ: ಕಂಪನಿ ಕೊಡದ ಭಾಗ ಹಾಕಿದರೆ ವಾರಂಟಿಗೆ ತೊಂದರೆ. ಬೆಂಕಿ ಅನಾಹುತವಾದರೆ ವಿಮಾ ಕಂಪನಿಯೂ ಪ್ರಶ್ನೆ ಎತ್ತಬಹುದು.

ಬದಲಿಸುವಾಗ ಗಮನಿಸಬೇಕಾದ ಅಂಶಗಳು

1. ಟ್ಯಾಂಕ್ ಖಾಲಿ ಮಾಡಿ. ಪೆಟ್ರೋಲ್ ಆವಿ ಗಾಳಿಗಿಂತ ಭಾರ, ನೆಲಮಟ್ಟದಲ್ಲಿ ಹರಡುತ್ತದೆ. ಹತ್ತಿರ ಬೀಡಿ, ಸಿಗರೇಟ್, ದೀಪ, ಗ್ಯಾಸ್ ಒಲೆ ಯಾವುದೂ ಇರಬಾರದು. ಬ್ಯಾಟರಿಯ ನೆಗೆಟಿವ್ ವೈರ್ ಬಿಡಿಸಿ.

2. ಹೊಸ ಕಾಕ್‌ನ ಬೋಲ್ಟ್ ಅಂತರ ಅಥವಾ ಥ್ರೆಡ್ ಟ್ಯಾಂಕಿಗೆ ಸರಿಯಾಗಿ ಹೊಂದಬೇಕು. ಟ್ಯಾಂಕ್ ಒಳಗೆ ನಿಲ್ಲುವ ಜಾಲರಿ ಫಿಲ್ಟರ್ ಇರಲೇಬೇಕು. ಸೀಲ್ ಹೊಸದಾಗಿರಲಿ.

3. ಅತಿ ಮುಖ್ಯವಾದದ್ದು: ಮ್ಯಾನಿಫೋಲ್ಡ್‌ನಲ್ಲಿ ಹಳೆಯ ವ್ಯಾಕ್ಯೂಮ್ ಪೈಪ್ ಇದ್ದ ಬಾಯಿಯನ್ನು ರಬ್ಬರ್ ಕ್ಯಾಪ್ ಹಾಕಿ ಕ್ಲಿಪ್‌ನಿಂದ ಬಿಗಿಯಬೇಕು. ತೆರೆದು ಬಿಟ್ಟರೆ ಹೆಚ್ಚುವರಿ ಗಾಳಿ ಒಳನುಗ್ಗಿ, ಪೆಟ್ರೋಲ್ ಪ್ರಮಾಣ ಕಡಿಮೆಯಾಗಿ ಎಂಜಿನ್ ಮಿತಿಮೀರಿ ಬಿಸಿಯಾಗುತ್ತದೆ. ಕೆಲವು ಗಾಡಿಗಳಲ್ಲಿ ಇದೇ ಪೈಪ್ 'ಟಿ' ಜೋಡಣೆಯಿಂದ ಇನ್ನೊಂದು ಭಾಗಕ್ಕೂ ಹೋಗಿರುತ್ತದೆ. ಆಗ ಕಾಕ್‌ಗೆ ಹೋಗುವ ಕವಲನ್ನು ಮಾತ್ರ ಮುಚ್ಚಬೇಕು.

4. ಪೆಟ್ರೋಲ್‌ಗೆಂದೇ ತಯಾರಾದ ಪೈಪ್ ಬಳಸಿ. ಸೈಲೆನ್ಸರ್‌ಗೆ ತಾಗದಂತೆ, ಮಡಚಿಕೊಳ್ಳದಂತೆ, ಕೆಳಮುಖವಾಗಿ ಇಳಿಯುವಂತೆ ಇರಲಿ. ಎರಡೂ ತುದಿಗೆ ಕ್ಲಿಪ್ ಹಾಕಿ.

5. ಕಾಕ್‌ನ ಹಿಡಿ ಸವಾರನ ಕೈಗೆ ಸುಲಭವಾಗಿ ಸಿಗಬೇಕು. ಪ್ಯಾನೆಲ್ ಬಿಚ್ಚಿ ಮುಚ್ಚಬೇಕಾದ ಕಾಕ್ ಅನ್ನು ಯಾರೂ ದಿನಾ ಮುಚ್ಚುವುದಿಲ್ಲ.

6. ಕೊನೆಗೆ ಸ್ವಲ್ಪ ಪೆಟ್ರೋಲ್ ಹಾಕಿ, ಕಾಕ್ ತೆರೆದು ಕೆಲವು ನಿಮಿಷ ಸೋರಿಕೆ ಇದೆಯೇ ನೋಡಿ. ಆಮೇಲಷ್ಟೇ ಬ್ಯಾಟರಿ ಜೋಡಿಸಿ ಸ್ಟಾರ್ಟ್ ಮಾಡಿ.

ಮುಚ್ಚಲು ಮರೆತರೆ ಏನಾಗುತ್ತದೆ?

ಕಾರ್ಬೊರೇಟರ್ ಒಳಗಿನ ಫ್ಲೋಟ್ ಮತ್ತು ಸೂಜಿ ಸರಿಯಾಗಿದ್ದರೆ ಏನೂ ಆಗದಿರಬಹುದು. ಪೆಟ್ರೋಲ್ ಮಟ್ಟ ಏರಿದಾಗ ಸೂಜಿ ದಾರಿ ಮುಚ್ಚುತ್ತದೆ. ಆದರೆ ಹಳೆಯ ಗಾಡಿಗಳಲ್ಲಿ ಸೂಜಿ ಸವೆದಿರುತ್ತದೆ, ಇಲ್ಲವೇ ಒಂದು ಕಸದ ಕಣ ಸಿಕ್ಕಿಕೊಂಡಿರುತ್ತದೆ. ಆಗ ಟ್ಯಾಂಕಿನ ಪೆಟ್ರೋಲ್ ಓವರ್‌ಫ್ಲೋ ಪೈಪ್‌ನಿಂದ ನೆಲಕ್ಕೆ ಸೋರುತ್ತದೆ, ಅಥವಾ ಎಂಜಿನ್ ಒಳಗೆ ಇಳಿದು ಆಯಿಲ್ ಜತೆ ಸೇರುತ್ತದೆ. ಸಿಲಿಂಡರ್ ತುಂಬಿದ್ದಾಗ ಸ್ಟಾರ್ಟರ್ ಒತ್ತಿದರೆ ಪಿಸ್ಟನ್ ರಾಡ್ ಬಾಗುವ ಸಾಧ್ಯತೆಯೂ ಇದೆ.

ಒಂದಕ್ಕೊಂದು ಅಂಟಿಕೊಂಡು ಗಾಡಿಗಳು ನಿಲ್ಲುವ ಸ್ಟೇಷನ್ ಪಾರ್ಕಿಂಗ್‌ನಲ್ಲಾಗಲಿ, ಗಾಳಿಯಾಡದ ಸೊಸೈಟಿ ಬೇಸ್‌ಮೆಂಟ್‌ನಲ್ಲಾಗಲಿ ಸೋರಿದ ಪೆಟ್ರೋಲ್ ಒಬ್ಬರ ಸಮಸ್ಯೆಯಾಗಿ ಉಳಿಯುವುದಿಲ್ಲ. ಒಂದು ಕಿಡಿ ಸಾಕು.

ಕಲ್ಯಾಣ್, ಶಹಾಡ್, ಬದ್ಲಾಪುರ ಭಾಗದವರಿಗೆ ಉಲ್ಹಾಸ್ ನದಿಯ ನೆರೆಯೂ ಹೊಸದಲ್ಲ. 2005ರ ಜುಲೈ 26ರ ಮಹಾಮಳೆಯನ್ನು ಇಲ್ಲಿನವರು ಮರೆತಿಲ್ಲ. ನೀರಲ್ಲಿ ಮುಳುಗಿದ ಗಾಡಿಯ ಟ್ಯಾಂಕ್‌ಗೆ ಮುಚ್ಚಳದ ರಂಧ್ರದಿಂದ ನೀರು ಸೇರಿರಬಹುದು. ನೀರು ಪೆಟ್ರೋಲ್‌ಗಿಂತ ಭಾರವಾದ್ದರಿಂದ ತಳಕ್ಕಿಳಿದು ಮೊದಲು ಕಾಕ್‌ಗೇ ಬರುತ್ತದೆ. ಅಂಥ ಗಾಡಿಯಲ್ಲಿ ಯಾವ ಬಗೆಯ ಕಾಕ್ ಇದ್ದರೂ ಟ್ಯಾಂಕ್ ಮತ್ತು ಕಾರ್ಬೊರೇಟರ್ ಸ್ವಚ್ಛ ಮಾಡದೆ ಸ್ಟಾರ್ಟ್ ಮಾಡಬಾರದು.

ಹಾಗಾದರೆ ಯಾವುದು ಉತ್ತಮ?

ದಿನಾ ಓಡಿಸುವ ಮನೆಯ ಸ್ಕೂಟರ್‌ಗೆ, ಅದರಲ್ಲೂ ಇಬ್ಬರು ಮೂವರು ಬಳಸುವ ಗಾಡಿಗೆ, ಅದೇ ಮಾಡೆಲ್‌ನ ಹೊಸ ಆಟೋ ಕಾಕ್ ಹಾಕಿಸುವುದೇ ಸುರಕ್ಷಿತ. ಜತೆಗೆ ವ್ಯಾಕ್ಯೂಮ್ ಪೈಪ್ ಕೂಡ ಬದಲಿಸಿ. ಹಲವು ಬಾರಿ ದೋಷ ಪೈಪ್‌ನಲ್ಲೇ ಇರುತ್ತದೆ.

ಬಿಡಿಭಾಗ ಸಿಗದ ಹಳೆಯ ಮಾಡೆಲ್ ಆಗಿದ್ದು, ಟ್ಯಾಂಕ್ ಎತ್ತರದಲ್ಲಿದ್ದು, ಓಡಿಸುವವರು ಒಬ್ಬರೇ ಆಗಿದ್ದರೆ ಮ್ಯಾನ್ಯುವಲ್ ಕಾಕ್ ಒಪ್ಪಬಹುದಾದ ದಾರಿ. ಬಹಳ ದಿನ ನಿಲ್ಲಿಸುವ ಗಾಡಿಯಲ್ಲಿ ಇದರ ಒಂದು ಲಾಭವೂ ಇದೆ: ಕಾಕ್ ಮುಚ್ಚಿ ಎಂಜಿನ್ ತಾನಾಗಿ ನಿಲ್ಲುವವರೆಗೆ ಓಡಿಸಿದರೆ ಕಾರ್ಬೊರೇಟರ್‌ನ ಬಹುಪಾಲು ಪೆಟ್ರೋಲ್ ಖಾಲಿಯಾಗುತ್ತದೆ, ಒಳಗೆ ಅಂಟು ಕಟ್ಟುವುದು ತಪ್ಪುತ್ತದೆ. ಮನೆಯ ಸಣ್ಣ ಜನರೇಟರ್, ತೋಟದ ಪಂಪ್‌ಸೆಟ್‌ಗಳಿಗೂ ಇದೇ ಕ್ರಮ ಅನ್ವಯ.

ಆದರೆ ಕಾಕ್ ಬದಲಿಸಿದ ದಿನದಿಂದ ಒಂದು ಅಭ್ಯಾಸ ಕಡ್ಡಾಯ: ಕೀ ತೆಗೆಯುವ ಮೊದಲು ಕಾಕ್ ಆಫ್. ಗಾಡಿಯನ್ನು ಬೇರೆಯವರಿಗೆ ಕೊಡುವಾಗ ಈ ಮಾತನ್ನೂ ಹೇಳಿಯೇ ಕೊಡಿ.